ಬುಗ್ಗೆಯ ನೀರು ಕುಡಿದ ದೊಡ್ಡಮ್ಮ

ಅಳತೆಗೆ ಸಿಗದ ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಇಂಥ ಕಥೆ ತೆಗೆದರೆ ಎದ್ದು ಹೋಗಿಬಿಡುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನನ್ನ ಕೆಲಸ ನೀರಿನದು. ಕೊಂಕಣದ ಕಡಲಂಚಿನ ಬಂಡೆಗಳ ನಡುವೆ ಬಿಸಿನೀರಿನ ಬುಗ್ಗೆಗಳಿವೆ. ಆ ನೀರು ನೆಲದಾಳದ ಆರ್ಸೆನಿಕ್, ಮ್ಯಾಂಗನೀಸ್‌ಗಳನ್ನು ಸಮುದ್ರಕ್ಕೆ ಎಷ್ಟು ಸೇರಿಸುತ್ತದೆ, ಅಲ್ಲಿನ ಚಿಪ್ಪಿನ ಜೀವಿಗಳಿಗೆ ಅದೆಷ್ಟು ತಗಲುತ್ತದೆ ಎಂದು ನೋಡುತ್ತೇನೆ. ನೀರಿನಲ್ಲಿರುವ ಲೋಹ ಬಾಟಲಿಯ ಒಳಮೈಗೆ ಅಂಟದಿರಲೆಂದು ಅದಕ್ಕೆ ಕೊಂಚ ನೈಟ್ರಿಕ್ ಆಸಿಡ್ ಹಾಕಿ ಐಸ್ ಪೆಟ್ಟಿಗೆಯಲ್ಲಿ ಇಡುತ್ತೇವೆ.

ಕೆಲವು ವರ್ಷಗಳ ಹಿಂದೆ ಹಾಗೆ ಲ್ಯಾಬಿಗೆ ಮರಳುವಾಗ ತರೀಕೆರೆ ಬಳಿಯ ಬುಕ್ಕಾಂಬುಧಿಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಇಳಿದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಪೆಟ್ಟಿಗೆಯಲ್ಲಿ ಏನು ಎಂದು ಕೇಳಿದಳು. ಬಿಸಿನೀರಿನ ಬುಗ್ಗೆಯ ನೀರು ಎಂದೆ. ನಮ್ಮವರಿಗೆ ಬುಗ್ಗೆಯ ನೀರೆಂದರೆ ತೀರ್ಥ. ಮನೆಗೆ ಬಂದರೆ ಒಂದು ಗುಟುಕಾದರೂ ಕುಡಿಯಬೇಕು. ಅದು ನನಗೆ ಹೊಳೆಯಲೇ ಇಲ್ಲ. ಉಂಡು ತೋಟದ ಕಡೆ ಹೋದೆ.

ಸಂಜೆ ಬಂದಾಗ ದೊಡ್ಡಮ್ಮ ದೇವರ ಮುಂದೆ ಕೂತಿದ್ದಳು. ಪಕ್ಕದಲ್ಲಿ ಸ್ವಲ್ಪ ಖಾಲಿಯಾದ ಬಾಟಲಿ, ಕೈಯಲ್ಲಿ ಸ್ಟೀಲ್ ಲೋಟ. ಕುಡಿದೆಯಾ ಎಂದೆ.

"ಹೂಂ ಕಣೇ. ಅಷ್ಟ್ ದೂರದಿಂದ ತಂದಿದ್ದೀಯ, ಇನ್ನೂ ಬಿಸಿ ಆರಿಲ್ಲ ನೋಡು."

ಆಸಿಡ್ಡಿನ ಉರಿಯನ್ನೇ ಬಿಸಿ ಎನ್ನುತ್ತಿದ್ದಾಳೆಂದುಕೊಂಡು ಲೋಟ ಕಿತ್ತುಕೊಂಡೆ. ಲೋಟ ನಿಜಕ್ಕೂ ಸುಡುತ್ತಿತ್ತು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪೆಟ್ಟಿಗೆಯ ಐಸ್ ಪೂರ್ತಿ ಕರಗಿರಲಿಲ್ಲ, ಉಳಿದ ಬಾಟಲಿಗಳು ತಣ್ಣಗಿದ್ದವು. ಬಾಟಲಿಗೆ ಪರೀಕ್ಷೆಯ ಕಾಗದ ಅದ್ದಿದೆ. ತಕ್ಷಣ ಕೆಂಪಾಯಿತು. ಆಸಿಡ್ ಇತ್ತು, ಅನುಮಾನವೇ ಇರಲಿಲ್ಲ.

ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ತರೀಕೆರೆಯ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಅವಳು ಮಾತು ನಿಲ್ಲಿಸಿದಾಗಲೆಲ್ಲ ದೊಡ್ಡಮ್ಮಾ ಎಂದು ಕೂಗಿದೆ. ಇವಳೂ ಹೋದರೆ ನನಗೆ ಯಾರೂ ಇಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಡಾಕ್ಟರು ಅವಳ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು, ಹೊಟ್ಟೆ ಒತ್ತಿದರು. ಏನೂ ಇರಲಿಲ್ಲ. ಹುಳಿಯಾಗಲಿ ಉಪ್ಪಾಗಲಿ ತನಗೆ ತಿಳಿಯಲಿಲ್ಲ ಎಂದಳು. ಆಮೇಲೆ ಡಾಕ್ಟರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಲೋಟ ಮುಟ್ಟಿದ ಬೆರಳುಗಳಲ್ಲೆಲ್ಲ ಬೊಬ್ಬೆ ಎದ್ದಿತ್ತು.

ಅಷ್ಟು ತೆಳು ಆಸಿಡ್ ಒಂದೆರಡು ಗುಟುಕು ಒಳಗೆ ಹೋದರೆ ಏನೂ ಆಗದೇ ಇರಬಹುದು, ಒಪ್ಪುತ್ತೇನೆ. ಆದರೆ ಆ ಬಿಸಿ ಎಲ್ಲಿಂದ ಬಂತು? ಅದೇ ಲೋಟವನ್ನು ಅವಳು ಹೇಗೆ ಹಿಡಿದು ಕೂತಿದ್ದಳು? ಆ ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ಮುಲಾಮು ಹಚ್ಚಿಸಿಕೊಂಡು ಮಲಗಿದ್ದವಳು ನಾನು. ಪಕ್ಕದಲ್ಲಿ ಕೂತು ಬೆರಳುಗಳ ಮೇಲೆ ಊದುತ್ತಿದ್ದವಳು ದೊಡ್ಡಮ್ಮ.