ಜಂಗಲ್ ಸಾಹೇಬರ ಗಾಡಿಯ ಜೋಡಿ

ಸಿದ್ದಾಪುರ ತಾಲೂಕಿನಲ್ಲಿ ಎರಡು ವರ್ಷ ಸೈಕಲ್ಲು ತುಳಿಯುವ ಹೊತ್ತಿಗೆ ನನ್ನ ಮೊಣಕಾಲುಗಳು ನನಗೇ ಅರ್ಜಿ ಕೊಡತೊಡಗಿದ್ದವು. ಪ್ರಾಥಮಿಕ ಶಾಲೆಗಳ ತಪಾಸಣೆ ನನ್ನ ಕೆಲಸ. ತಿಂಗಳಿನ ಮುಕ್ಕಾಲು ಭಾಗ ಫಿರತಿ. ಸರಕಾರಿ ಕೆಲಸದ ಮೇಲೆ ಊರೂರು ತಿರುಗುವುದನ್ನು ಮುಂಬಯಿ ಸರಕಾರದ ಕಾಲದಿಂದ ಹಾಗೆ ಕರೆಯುತ್ತಿದ್ದರು. ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳ ತಲೆಬರಹ ಬದಲಾಯಿತು; ಫಿರತಿ ತಪ್ಪಲಿಲ್ಲ, ದಿಬ್ಬಗಳೂ ತಗ್ಗಲಿಲ್ಲ.

ಅರವತ್ತರ ಸುಮಾರಿಗೆ ಯಲ್ಲಾಪುರಕ್ಕೆ ವರ್ಗವಾದಾಗ ನನ್ನ ತಾಳ್ಮೆ ಮುಗಿಯಿತು. ಮನೆ ಶಿರಸಿಯಲ್ಲಿ; ಅಲ್ಲಿ ನನ್ನ ಆಯಿ, ಎಂದರೆ ತಾಯಿ, ಇದ್ದಳು. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಡಬೇಕು. ಬಸ್ಸಿನಲ್ಲಿ ಜಾಗ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿಯೇ ಗತಿ. ಡ್ರೈವರನ ಪಕ್ಕದಲ್ಲಿ ಮುದುಡಿ ಕೂತು ಅವನ ಬೀಡಿಯ ಹೊಗೆ ಕುಡಿಯುತ್ತ ಬರಬೇಕು. ಮಾಸ್ತರುಗಳ ಮುಂದೆ ಗತ್ತಿನಿಂದ ನಿಲ್ಲಬೇಕಾದವನು ಲಾರಿಯಿಂದ ಪಂಚೆ ಕೊಡವುತ್ತ ಇಳಿದರೆ ಯಾರು ಹೆದರುತ್ತಾರೆ? ಹೆದರಿಸುವುದು ಆಗ ನನಗೆ ಇಷ್ಟವಿತ್ತು, ಅದರಲ್ಲಿ ಮುಚ್ಚುಮರೆ ಏನಿದೆ. ಒಂದು ಫಟಫಟಿ ತೆಗೆದುಕೊಂಡೇ ಬಿಡುವುದು ಎಂದು ನಿಶ್ಚಯಿಸಿದೆ. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಅದೇ ಹೆಸರು.

ಸ್ಕೂಟರ್ ತಗೋ ಎಂದವರಿದ್ದರು. ಆ ಪುಟ್ಟ ಗಾಲಿ ನಮ್ಮ ಮಳೆಗಾಲದ ಕೆಸರಿನಲ್ಲಿ ಹೂತರೆ ಎಬ್ಬಿಸುವುದಕ್ಕೆ ನಾಲ್ಕು ಜನ ಬೇಕು. ಮದರಾಸಿನಲ್ಲಿ ಜೋಡಿಸುತ್ತಿದ್ದ ಹೊಸ ದೊಡ್ಡ ಗಾಡಿಗೆ ಹೆಸರು ಹಚ್ಚಿ ಕಾಯಬೇಕಿತ್ತು. ಅಷ್ಟು ಕಾದರೆ ಮೊಣಕಾಲುಗಳು ಪೆನ್ಶನ್ ತೆಗೆದುಕೊಂಡು ಹೋಗುತ್ತಿದ್ದವು. ಉಳಿದದ್ದು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಗಾಡಿ. ಹುಬ್ಬಳ್ಳಿಯ ಒಬ್ಬ ಮೇಸ್ತ್ರಿಯ ಹತ್ತಿರ ಅಂಥದ್ದೊಂದು ಇತ್ತು. ಅವನು ಒಂದೇ ಒದೆತಕ್ಕೆ ಅದನ್ನು ಎಬ್ಬಿಸಿದ. ಧಡ್ ಧಡ್ ಎಂಬ ಸದ್ದು ನನ್ನ ಹೊಟ್ಟೆಯೊಳಗೇ ಇಳಿಯಿತು. ಅಷ್ಟಕ್ಕೇ ನಾನು ಅರ್ಧ ಸೋತಿದ್ದೆ.

"ಕಣ್ಣ ಮುಚ್ಚಿ ತಗೊಳ್ರಿ ಸಾಹೇಬ್ರ," ಎಂದ ಮೇಸ್ತ್ರಿ. "ಇದರ ಜೋಡಿ ನಿಮ್ಮ ಕಡೀನ ಐತಿ. ಒಂದ ಹರಾಜಿನ್ಯಾಗ ಎರಡೂ ತಂದಿದ್ದೆ. ಅದನ್ನ ಜಂಗಲ್ ಸಾಹೇಬ್ರು ಒಯ್ದಾರ. ಇವತ್ತಿನತನಕ ಒಂದ ತಕರಾರ ಬಂದಿಲ್ಲ."

ಜಂಗಲ್ ಸಾಹೇಬರೆಂದರೆ ಯಲ್ಲಾಪುರದ ಕಡೆಯ ರೇಂಜರು. ಅವರ ಗಾಡಿಗೆ ನನ್ನದು ಜೋಡಿ ಎಂದರೆ ಸಣ್ಣ ಮಾತೇ? ಮರುಮಾತಾಡದೆ ತೆಗೆದುಕೊಂಡೆ. ಗಾಡಿ ಅಂಗಳಕ್ಕೆ ಬಂದಾಗ ಆಯಿ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು.

"ಅಕ್ಕಿ ಗಿರಣಿ ಮನೆಗೇ ತಂದ್ಯನೋ ತಮಾ? ಎಂತಾ ಸಪ್ಪಳನೋ ಇದು!"

ಸಪ್ಪಳವೇ ನನಗೆ ಹೆಮ್ಮೆಯಾಗಿತ್ತು. ಸೋಮವಾರ ಬೆಳಿಗ್ಗೆ ಶಿರಸಿ ಬಿಟ್ಟರೆ ಬಸ್ಸಿನವರು ಅರ್ಧ ದಾರಿಯಲ್ಲಿ ಚಹಾ ಕುಡಿಯುವ ಹೊತ್ತಿಗೆ ನಾನು ಯಲ್ಲಾಪುರದ ಕಚೇರಿಯಲ್ಲಿ ಟೊಪ್ಪಿಗೆ ತೆಗೆದಿಡುತ್ತಿದ್ದೆ. ಚೀಲದಲ್ಲಿ ಒಂದು ಬಿಡಿ ಪ್ಲಗ್ಗು, ನಟ್ಟು ಬಿಚ್ಚುವ ಒಂದು ಪಾನಾ, ಒರೆಸುವ ಬಟ್ಟೆ. ದಿಬ್ಬದ ಬುಡದಲ್ಲಿ ಗೇರು ಇಳಿಸಿ, ಗಾಡಿ ಗುಡುಗುತ್ತ ಮೇಲೆ ಹತ್ತುವಾಗ ಹಳೆಯ ಸೈಕಲ್ಲಿನ ನೆನಪಾಗಿ ಒಬ್ಬನೇ ನಗುತ್ತಿದ್ದೆ. ಮತ್ತಿಘಟ್ಟದ ಕಡೆಯ ನೆಂಟರ ಮನೆಗೂ ಅದರ ಮೇಲೇ ಹೋಗಿ ಮೆರೆದು ಬಂದದ್ದುಂಟು.

ನಾನು ಎರಡು ಮೈಲಿ ದೂರವಿರುವಾಗಲೇ ಮಾಸ್ತರುಗಳಿಗೆ ಗೊತ್ತಾಗುತ್ತಿತ್ತು. ಹೋದಲ್ಲೆಲ್ಲ ಗುಡಿಸಿದ ಅಂಗಳ, ಸಾಲಾಗಿ ಕೂತ ಮಕ್ಕಳು, ಬೋರ್ಡಿನ ಮೇಲೆ ಆಗಷ್ಟೇ ಬರೆದ ತಾರೀಖು. ನನ್ನ ಶಿಸ್ತಿನಿಂದ ತಾಲೂಕು ಸುಧಾರಿಸಿತು ಎಂದು ನಾನು ತಿಳಿದುಕೊಂಡೆ. ಇಂಥ ಮಂಕನನ್ನು ತಪಾಸಣೆಗೆ ಇಟ್ಟವರು ಪುಣ್ಯವಂತರು.

ಒಂದು ಶಾಲೆ ಮಾತ್ರ ಬೇರೆಯಿತ್ತು. ಇಡಗುಂದಿಯಿಂದ ಮೂರು ಮೈಲಿ ಒಳಗೆ, ಕಾಡಿನ ಅಂಚಿನಲ್ಲಿ, ಒಬ್ಬರೇ ಕಲಿಸುವ ಶಾಲೆ. ಅಲ್ಲಿಯ ಅಕ್ಕೋರು ಬನವಾಸಿ ಕಡೆಯವರು, ಮೂವತ್ತು ತುಂಬದ ವಿಧವೆ. ಶಾಲೆಯ ಪಕ್ಕದ ಕೋಣೆಯಲ್ಲಿ ತಾಯಿಯೊಂದಿಗೆ ಇದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೊದಲ ಸಲ ಹೋದಾಗ ದಾರಿಗೆ ಅಡ್ಡ ಬಂದ ದನಗಳ ಹಿಂದೆ ಓಡುತ್ತಿದ್ದ ಇಬ್ಬರು ಮಕ್ಕಳನ್ನು "ಶಾಲೆಗೆ ಹೋಗಲಿಕ್ಕೆ ಏನು ಧಾಡಿ?" ಎಂದು ಗದರಿಸಿಯೇ ಮುಂದೆ ಹೋದೆ. ಶಾಲೆಯಲ್ಲಿ ಒಂಬತ್ತು ಮಕ್ಕಳಿದ್ದವು. ಹಾಜರಿ ಪುಸ್ತಕದಲ್ಲಿ ಅಂದಿನ ಹಾಜರಿ ಮೂವತ್ತೊಂದು ಎಂದಿತ್ತು.

"ಉಳಿದವರೆಲ್ಲಿ, ಅಕ್ಕೋರೆ?"

"ಮುಂಜಾನೆ ಬಂದಿದ್ರು ರೀ."

"ಈಗ?"

ಅವರು ಕಿಟಕಿಯಾಚೆ ಕಾಡಿನ ಕಡೆ ನೋಡಿದರು. ನೆಲದ ಮೇಲೆ ಇಪ್ಪತ್ತು ಚಿಲ್ಲರೆ ಪಾಟಿಗಳಿದ್ದವು, ಒಂದೊಂದರ ಮೇಲೂ ಅರ್ಧ ಬರೆದ ಲೆಕ್ಕ. ಪಾಟಿ ಹರವಿಟ್ಟು ನನಗೆ ಮಕ್ಕಳ ಲೆಕ್ಕ ಕೊಡುತ್ತಾರೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಇದ್ದ ಒಂಬತ್ತು ಮಕ್ಕಳ ಎದುರಿಗೇ ಸುಳ್ಳಿ ಎಂದೆ. ತಪಾಸಣೆಗೆ ಬಂದವರು ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ "ಹಾಜರಿ ಸುಳ್ಳು" ಎಂದು ಬರೆದು ಸಹಿ ಹಾಕಿದೆ. ಎರಡು ತಿಂಗಳ ಮೇಲೆ ಹೋದಾಗಲೂ ಅದೇ ಕತೆ, ಅದೇ ಪಾಟಿಗಳು, ಅದೇ ಮೌನ. ಮತ್ತೆ ಅದನ್ನೇ ಬರೆದೆ. ಕಾರವಾರದಲ್ಲಿದ್ದ ನನ್ನ ಮೇಲಿನ ಸಾಹೇಬರಿಂದ ನನಗೆ ಕಾಗದ ಬಂತು: ಮೂರನೆಯ ಸಲವೂ ಹೀಗೇ ಇದ್ದರೆ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಬೇಕು, ಶಾಲೆ ಮುಚ್ಚಬೇಕು.

ಮೂರನೆಯ ಸಲ ಹೊರಟಾಗ ವರದಿಯನ್ನು ಮೊದಲೇ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಕ್ಕಳ ಸಂಖ್ಯೆಗೆ ಮಾತ್ರ ಜಾಗ ಬಿಟ್ಟಿದ್ದೆ. ಮಳೆ ಮುಗಿದು ಸ್ವಲ್ಪ ದಿನವಾಗಿತ್ತು. ಶಾಲೆಗೆ ಇನ್ನೂ ಎರಡು ಮೈಲಿಗೂ ಹೆಚ್ಚು ದೂರವಿರುವಾಗ ಹಳ್ಳ ದಾಟುವಲ್ಲಿ ನೀರು ಎಂಜಿನ್ನಿಗೆ ಸಿಡಿದು ಗಾಡಿ ಕೆಮ್ಮಿ ಸತ್ತಿತು. ಒದ್ದೆ, ಬೈದೆ, ಮತ್ತೆ ಒದ್ದೆ. ಕೊನೆಗೆ ದಬ್ಬಿಕೊಂಡು ನಡೆದೆ. ಆ ಮಿಲಿಟರಿ ಗಾಡಿಯನ್ನು ದಬ್ಬಿದವರಿಗೇ ಗೊತ್ತು ಅದರ ತೂಕ. ಅಂಗಿ ಬೆನ್ನಿಗೆ ಅಂಟಿತು, ಸಿಟ್ಟೆಲ್ಲ ಅಕ್ಕೋರ ಮೇಲೆ ತಿರುಗಿತು.

ತಿರುವಿಗೆ ಬಂದಾಗ ಮಗ್ಗಿ ಕೇಳಿಸಿತು. ಹದಿಮೂರರ ಮಗ್ಗಿ. ಒಂಬತ್ತು ಗಂಟಲಿನ ಸದ್ದಲ್ಲ ಅದು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಕಿಟಕಿಯಿಂದ ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದೇ.

ಅಕ್ಕೋರು ನನ್ನನ್ನು ಕಂಡು ಎದ್ದು ನಿಂತರು. ಮುಖದ ಬಣ್ಣ ಹೋಗಿತ್ತು. ನಮಸ್ಕಾರಕ್ಕೂ ಮೊದಲು ಕೇಳಿದ್ದು ಒಂದೇ ಮಾತು:

"ಫಟಫಟಿ ಸಪ್ಪಳ ಕೇಳ್ಸಲಿಲ್ಲಲ್ರಿ?"

"ಕೆಟ್ಟಿತು."

"ಬರ್ರಿ, ಕೂಡ್ರಿ," ಎಂದು ಕುರ್ಚಿ ಒರೆಸಿದರು.

ಹೆಸರು ನಾನೇ ಕೂಗಿದೆ. ಒಬ್ಬೊಬ್ಬರಾಗಿ ಎದ್ದು ಹಾಜರಿ ಹೇಳಿದರು. ಲೆಕ್ಕ ಕೊಟ್ಟೆ, ಮಾಡಿದರು. ಓದಿಸಿದೆ, ಓದಿದರು. ಯಾರೋ ದಾರಿಹೋಕ ಬಂದಿದ್ದಾನೆ ಎಂಬಂತೆ ಹುಡುಗರು ನನ್ನನ್ನು ನೋಡುತ್ತಿದ್ದರು. ನನಗೆ ಏನೂ ಬಗೆಹರಿಯಲಿಲ್ಲ. ತಪ್ಪು ಹಿಡಿಯಲು ಬಂದವನಿಗೆ ತಪ್ಪು ಸಿಗದಿದ್ದರೆ ಆಗುವ ಸಂಕಟ ಹೇಳತೀರದು. ಹೊರಗೆ ಹೋಗಿ ಪ್ಲಗ್ಗು ಬಿಚ್ಚಿ, ಒರೆಸಿ, ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಹಾಕಿ, ನೋಡೋಣ ಎಂದು ಒದ್ದೆ. ಮೂರನೆಯ ಒದೆತಕ್ಕೆ ಗಾಡಿ ಧಡ್ ಧಡ್ ಎಂದಿತು.

ನನ್ನ ಬೆನ್ನ ಹಿಂದೆ ಶಾಲೆ ಒಡೆದು ಹೋಯಿತು. ಬಾಗಿಲಿನಿಂದ ಕೆಲವರು, ಕಿಟಕಿಗಳಿಂದ ಕೆಲವರು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಳ ದಾಟಿ ಕಾಡಿನೊಳಗೆ ಹೊಕ್ಕರು. "ನಿಲ್ಲಿ, ನಿಲ್ಲಿ!" ಎಂದು ಕೂಗಿದೆ, ನನ್ನ ಗಾಡಿಯ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮರಗಳ ನಡುವಿನಿಂದ "ಹೋಯ್, ಹೋಯ್" ಎಂಬ ಕೂಗು ಬಂತು, ಹಿಂದೆಯೇ ದನಗಳು ಬಂದವು. ಆಕಳು, ಕರು, ಎಮ್ಮೆ, ಎಲ್ಲ ಮುಗ್ಗರಿಸುತ್ತ ರಸ್ತೆಗೆ. ಒಂದು ಸಣ್ಣ ಹುಡುಗಿ ಪಾಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಎಮ್ಮೆಗೆ ಕೋಲು ಬೀಸುತ್ತಿದ್ದಳು.

ಗಾಡಿ ನಿಲ್ಲಿಸಿ ಒಳಗೆ ನೋಡಿದೆ. ದನವಿಲ್ಲದ ಮನೆಯ ಒಂಬತ್ತು ಮಕ್ಕಳು ಏನೂ ಆಗದವರಂತೆ ಬರೆಯುತ್ತ ಕೂತಿದ್ದವು. ಅಕ್ಕೋರು ಬಾಗಿಲಿಗೆ ಒರಗಿ ತಲೆ ತಗ್ಗಿಸಿದ್ದರು.

"ಅದು ಮೀಸಲು ಜಂಗಲ್ ರೀ," ಎಂದರು ಮೆಲ್ಲಗೆ. "ದನ ಬಿಡಂಗಿಲ್ಲ. ಬ್ಯಾರೆ ಕಡೆ ಮೇವಿಲ್ಲ. ಜಂಗಲ್ ಸಾಹೇಬ್ರ ಕೈಗೆ ಸಿಕ್ರ ಕೊಂಡವಾಡಕ್ಕ ಹೊಡಕೊಂಡು ಹೋಗ್ತಾರ. ದೊಡ್ಡವರೆಲ್ಲ ನಾಟಾ ಕೆಲಸಕ್ಕ ದೂರ ಹೋಗಿರ್ತಾರ, ಹತ್ತಿರ ಇರವ್ರು ಈ ಹುಡುಗ್ರ. ಅವ್ರ ಫಟಫಟಿಗೂ ನಿಮ್ಮದಕ್ಕೂ ಸಪ್ಪಳ ಒಂದ ರೀ. ಕೇಳಿದ ಕೂಡ್ಲೆ ಯಾರ್ದು ಅಂತ ನೋಡದ ಓಡ್ತಾವು."

ಕೊಂಡವಾಡ ಎಂದರೆ ಹಿಡಿದ ದನಗಳನ್ನು ಕೂಡಿಹಾಕುವ ದೊಡ್ಡಿ. ಅಲ್ಲಿಂದ ಬಿಡಿಸಿಕೊಳ್ಳುವುದು ಕೂಲಿಯವರಿಗೆ ಸುಲಭದ ಮಾತಲ್ಲ.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀವೂ ಸರಕಾರದವ್ರ ಅಲ್ರಿ? ಅದನ್ನೂ ಬರದ್ರ ಏನ್ ಮಾಡ್ಲಿ? ಹೇಳದಿದ್ರ ನನ್ನ ನೌಕರಿ ಒಂದ ಹೋಗ್ತಿತ್ತು. ಇಪ್ಪತ್ತ ಮನಿ ದನ ಉಳೀತಿದ್ವು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಬದುಕಿದೆ ಅನ್ನಿಸಿತು. ಹಳ್ಳದಲ್ಲಿ ಆ ಗಾಡಿ ಕೆಡದೆ ಇದ್ದಿದ್ದರೆ ಅಂದು ಸಂಜೆಯೊಳಗೆ ವರದಿ ಅಂಚೆಗೆ ಬೀಳುತ್ತಿತ್ತು, ಆ ಹೆಂಗಸು ತಾಯಿಯನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕಿತ್ತು? ಚೀಲದಿಂದ ವರದಿ ತೆಗೆದು ಚೂರು ಚೂರು ಮಾಡಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಶೇರಾ ಪುಸ್ತಕ ತಂದು ನನ್ನ ಮುಂದೆ ಹಿಡಿದರು.

"ಹುಡುಗ್ರ ಮುಂದ ಸುಳ್ಳಿ ಅಂದಿದ್ರಿ," ಎಂದರು. ಅಷ್ಟೇ.

ಬರೆದ ಶೇರಾ ಹೊಡೆದುಹಾಕುವ ಅಧಿಕಾರ ನನಗಿರಲಿಲ್ಲ. ಕೆಳಗೆ ಬರೆದೆ: "ಹಾಜರಿ ಮೂವತ್ತೊಂದು, ನಾನೇ ಎಣಿಸಿದ್ದೇನೆ. ಹಿಂದಿನ ಎರಡು ಶೇರಾ ತಪ್ಪು. ತಪ್ಪು ನನ್ನದು." ದನದ ಸುದ್ದಿ ಬರೆಯಲಿಲ್ಲ. ದನ ಅಟ್ಟಿ ಮಕ್ಕಳು ತಿರುಗಿ ಬಂದಿದ್ದರು. ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಗಾಡಿಯನ್ನು ಹಳ್ಳದವರೆಗೂ ದಬ್ಬಿಕೊಂಡು ಹೋಗಿ ಅಲ್ಲಿಂದಾಚೆ ಸುರು ಮಾಡಿದೆ.

ಕಾರವಾರದ ಸಾಹೇಬರು ಕರೆಸಿ ಕೇಳಿದರು: ಎರಡು ಸಲ ಸುಳ್ಳು, ಮೂರನೆಯ ಸಲ ನಿಜ, ಇದೆಂಥ ತಪಾಸಣೆ? ನಾನು ಹೋದ ಹೊತ್ತು ಸರಿಯಿರಲಿಲ್ಲ ಎಂದೆ. ಇಷ್ಟು ವರ್ಷವಾದರೂ ಹೊತ್ತು ತಿಳಿಯುವುದಿಲ್ಲವೇ ಎಂದು ಬೈದು ನನ್ನ ಮೇಲೆಯೇ ಒಂದು ಶೇರಾ ಬರೆದರು. ಅಂಥ ಬೈಗುಳವನ್ನು ನಾನು ಅಷ್ಟು ಹಗುರಾಗಿ ಹೊತ್ತು ಘಟ್ಟ ಹತ್ತಿದ್ದು ಅದೊಂದೇ ಸಲ.

ಆಮೇಲೆ ಗಾಡಿ ಮಾರಿ ಹುಬ್ಬಳ್ಳಿಗೆ ಹೋದೆ. ಮೈಸೂರಿನಲ್ಲಿ ತಯಾರಾದ, ಎರಡು ಸೈಲೆನ್ಸರಿನ ಹಗುರ ಗಾಡಿಗಳು ಆಗ ಹೊಸದಾಗಿ ಬಂದಿದ್ದವು. ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. ಸುರು ಮಾಡಿಸಿ ಕಣ್ಣು ಮುಚ್ಚಿ ನಿಂತೆ. "ಸಾಹೇಬ್ರ, ನಿದ್ದಿ ಬಂತೇನ್ರಿ?" ಎಂದ ಅಂಗಡಿಯವನು. ಅದರ ದನಿ ತೆಳ್ಳಗೆ, ಜೇನುಹುಳದ ಹಾಗಿತ್ತು. ಗತ್ತು ಒಂದಿಷ್ಟೂ ಇರಲಿಲ್ಲ. ಅದನ್ನೇ ತಂದೆ.

"ಇದಾದ್ರೆ ಅಡ್ಡಿಲ್ಲೆ ತಮಾ, ಮಾತಾಡಿದ್ದಾದ್ರೂ ಕೇಳ್ತು," ಎಂದಳು ಆಯಿ.

ಮುಂದಿನ ಸಲ ಇಡಗುಂದಿ ದಾಟಿ ಆ ಶಾಲೆಯ ಅಂಗಳದವರೆಗೆ ಗಾಡಿಯ ಮೇಲೇ ಹೋದೆ. ಕಿಟಕಿಯ ಕಡೆಯೇ ನನ್ನ ಕಣ್ಣು. ಮಕ್ಕಳು ತಲೆ ಎತ್ತಿ ನೋಡಿದರು, ಯಾರೂ ಏಳಲಿಲ್ಲ. ಆಗ ಬಂದ ಸಮಾಧಾನಕ್ಕೆ ನಾನು ಎಣಿಸುವುದಕ್ಕೂ ಹೋಗದೆ ಹಾಜರಿ ಪುಸ್ತಕ ತೆರೆದು ಸಹಿ ಮಾಡಲು ಪೆನ್ನು ತೆಗೆದೆ. ಅಕ್ಕೋರ ಮೇಲೆ ನನಗೆ ನಂಬಿಕೆ ಇದೆ ಎಂದು ತೋರಿಸುವ ಉಮೇದು. ಅಕ್ಕೋರು ಪುಟದ ಮೇಲೆ ಕೈ ಇಟ್ಟರು.

"ಎಣಸ್ರಿ ಸಾಹೇಬ್ರ."

"ಬೇಡ ಬಿಡಿ ಅಕ್ಕೋರೆ, ನನಗೆ ಗೊತ್ತಿಲ್ಲವೇ?"

"ನಿಮ್ಮ ನಂಬಿಕಿ ಮ್ಯಾಲೆ ನನ್ನ ನೌಕರಿ ನಿಲ್ಲೂದು ಬ್ಯಾಡ್ರಿ. ನಾಳೆ ನಿಮಗ ವರ್ಗ ಆಕ್ಕತಿ, ಮತ್ತೊಬ್ರು ಬರ್ತಾರ. ಎಣಿಸಿ ಸಹಿ ಮಾಡ್ರಿ."

ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಎಣಿಸಿದೆ. ಇಪ್ಪತ್ತೊಂಬತ್ತು. ಪುಸ್ತಕದಲ್ಲಿಯೂ ಇಪ್ಪತ್ತೊಂಬತ್ತು ಎಂದೇ ಇತ್ತು. ಆಗ ಅವರು ಕೈ ತೆಗೆದರು, ನಾನು ಸಹಿ ಮಾಡಿದೆ.