ಕರಿಯಾಕ ಹೋದ ಕೆಂದ ಕುದುರಿ

ನಾ ಕುದುರಿ ಹತ್ತಿದ್ದೆ ಅಂದ್ರ ಈಗಿನ ಹುಡುಗರು ನಗತಾವ. ನಗಲಿ. ಹತ್ತಿದ್ದು ಖರೆ, ಭೀಮಾ ಹೊಳಿ ದಾಟಿದ್ದೂ ಖರೆ. ಆಗ ನಮ್ಮ ಕಡಿ ನಿಜಾಮನ ರಾಜ್ಯ. ಸರಸಂಬಾದಿಂದ ಆಳಂದಕ್ಕ ಹೋಗಬೇಕಂದ್ರ ನಡೀಬೇಕು, ಇಲ್ಲಾ ಗಾಡಿ ಕಟ್ಟಬೇಕು.

ನನ್ನ ಗೆಳತಿ ಹೊಲಮನಿ ಇದ್ದವರ ಮಗಳು. ನಮ್ಮಪ್ಪ ಅವರ ಹೊಲದಾಗ ದುಡಿಯಾಂವ. ಆಕಿ ಲಗ್ನ ಸಣ್ಣಾಕಿದ್ದಾಗೇ ಆಗಿತ್ತು, ವೈಶಾಖದಾಗ ಭೀಮಾ ಹೊಳಿ ಆಚಿ ಕೊಳಕೂರಿಗಿ ಗಂಡನ ಮನಿಗಿ ಕಳಿಸಾವರಿದ್ದರು. ಹೋಗೂದರೊಳಗ ನಾಕು ದಿನ ಉಂಡು ಮೈ ತುಂಬಿಕೊಳ್ಳಲಿ ಅಂತ ಅವರವ್ವ ತನ್ನ ಅಕ್ಕನ ಮನಿಗಿ ಕಳಿಸಿದಳು. ಜೋಡಿಗಿ ನನ್ನ ಕಳಿಸಿದರು. ಜ್ವಾಳದ ರಾಶಿ ಮುಗದಿತ್ತು. ಜನ್ಮದಾಗ ನಾ ಕೂಲಿಗಿ ಹೋಗದ ಖಾಲಿ ಕುಂತ ದಿನ ಅಂದ್ರ ಅವಷ್ಟೇ.

ಆ ಅಕ್ಕನ್ನ ನಾವಿಬ್ಬರೂ ದೊಡ್ಡವ್ವ ಅಂತಿದ್ದಿವಿ. ಅಫಜಲಪುರದ ಕಡಿ, ಭೀಮಾ ದಂಡಿ ಮ್ಯಾಲ ಆಕಿ ಊರು. ಗಂಡ ಕುದುರಿ ಸಾಕಿ ಮರಿ ಮಾರತಿದ್ದ. ಆತ ಸತ್ತ ಮ್ಯಾಲ ಭಾವಮೈದುನರು ಕುದುರಿ ಮಾರು, ಮನ್ಯಾಗ ಕೂಡು ಅಂದರಂತ. ಆಕಿ ಕುದುರಿ ಇಟಗೊಂಡು ಭಾವಮೈದುನರನ್ನ ಹೊರಗ ಹಾಕಿದಳು. ಆಕಿ ಅಂಗಳದಾಗಿನ ಮರಿ ಒಯ್ಯಾಕ ದೇಶಮುಖರು ದೂರದಿಂದ ಬರತಿದ್ದರು. ಹೊಳಿ ದಂಡಿ ಕುದುರಿ ಭಾಳ ಎತ್ತರ ಇರೂದಿಲ್ಲ, ಆದ್ರ ದಣಿಯೂದಿಲ್ಲ. ದೊಡ್ಡವ್ವನೂ ಹಂಗೇ ಇದ್ದಳು. ತಲಿ ಮ್ಯಾಲ ಸೆರಗು, ಕಚ್ಚಿ ಹಾಕಿ ಉಟ್ಟ ಸೀರಿ, ಕಾಲಾಗ ಸತ್ತ ಗಂಡನ ಜೋಡು. ಕುದುರಿ ಮ್ಯಾಲ ಅಷ್ಟು ನೆಟ್ಟಗ ಕುಂತ ಮನಷಾರನ್ನ ನಾ ಮೊದಲೂ ನೋಡಿರಲಿಲ್ಲ, ಆಮ್ಯಾಲೂ ನೋಡಲಿಲ್ಲ.

ಹೋದ ದಿನಾನೇ ಗೆಳತಿ ನನಗ ಖರೆ ಮಾತು ಹೇಳಿದಳು. ಆಕಿ ಉಣ್ಣಾಕ ಬಂದಿರಲಿಲ್ಲ, ಕುದುರಿ ಹತ್ತೂದು ಕಲಿಯಾಕ ಬಂದಿದ್ದಳು. ನಮ್ಮ ಕಡಿ ಪಂಚಮಿಗಿ ಹೆಣಮಗಳನ್ನ ತವರಿಗಿ ಕರಕೊಂಡ ಬರಾಕ ಅಣ್ಣನೋ ತಮ್ಮನೋ ಹೋಗಬೇಕು. ಆಕಿಗಿ ಅಣ್ಣತಮ್ಮರಿಲ್ಲ. ಅಪ್ಪಗ ಕಣ್ಣು ಹೋಗ್ಯಾವ, ಅವ್ವ ಆತನ್ನ ಬಿಟ್ಟು ಎಲ್ಲೂ ಹೋಗೂ ಹಂಗಿಲ್ಲ. ಶ್ರಾವಣದಾಗ ಎರಿಮಣ್ಣು ಗಾಲಿಗಿ ಮೆತ್ತಿಕೊಂಡ್ರ ಗಾಡಿ ಒಂದು ಹೆಜ್ಜಿ ಮುಂದ ಹೋಗೂದಿಲ್ಲ. ಅತ್ತಿ ಈಗಾಗಲೇ ಅಂದಿದ್ದಳಂತ, ಕರಿಯಾಕ ಬರಾವರು ಬಂದ್ರ ಕಳಸ್ತೇನಿ, ಇಲ್ಲಂದ್ರ ಇಲ್ಲೇ ಇರು ಅಂತ. ಕುದುರಿ ಹತ್ತೂದು ಕಲ್ತು ನಾನೇ ಬಂದುಬಿಡ್ತೇನಿ ಅನ್ನೂದು ಇವಳ ಲೆಕ್ಕ.

ದೊಡ್ಡವ್ವ ನಮ್ಮ ಪರಕರ ಬಿಚ್ಚಿಸಿ ತನ್ನ ಹಳೆ ಸೀರಿ ಕಚ್ಚಿ ಹಾಕಿ ಉಡಿಸಿದಳು. ಆದ್ರ ಕುದುರಿ ಹತ್ತಾಕ ಬಿಡಲಿಲ್ಲ. ಮೊದಲು ಲದ್ದಿ ಬಳೀರಿ ಅಂದಳು. ಹುರಳಿ ನೆನಿಸಿ ತಿನಿಸಿದಿವಿ, ಹೊಳ್ಯಾಗ ಮೈ ತೊಳದಿವಿ. ಕುದುರಿ ವಾಸನಿ ನಮ್ಮ ಮೈಗಿ ಹತ್ತಿತು. ದೊಡ್ಡವ್ವ ನನ್ನ ತೋಳು ಮೂಸಿ ನೋಡಿ, ಈಗ ಆತು ಅಂದಳು.

ನಮಗ ಕೊಟ್ಟಿದ್ದು ಒಂದು ಕೆಂದ ಕುದುರಿ. ಜೀನಿಲ್ಲ, ಕಂಬಳಿ ಮಡಚಿ ಹಾಕಿ ಹಗ್ಗ ಬಿಗಿಯೂದು. ಮೊದಲ ದಿನ ನಾ ಮ್ಯಾಲ ಕುಂತಿದ್ದೆ, ಕುದುರಿ ಜಗ್ಗಲಿಲ್ಲ. ಗೆಳತಿ ಹುಟ್ಟಿದಾಗಿಂದ ಎತ್ತಿನ ಗಾಡಿ ನೋಡಿದಾಕಿ. ಎತ್ತು ನಿಂತ್ರ ಏನ ಮಾಡತಾರ? ಬಾಲ ತಿರುವತಾರ. ಆಕಿನೂ ಹಿಂದ ಹೋಗಿ ಬಾಲ ಹಿಡದು ತಿರುವಿದಳು. ಕುದುರಿ ಒದ್ದ ಹೊಡತಕ್ಕ ಕಣಕಿ ಬಣವಿಗಿ ಹೋಗಿ ಬಿದ್ದಳು. ತೊಡಿ ಕಪ್ಪಾಗಿ ಬಾತುಕೊಂಡಿತ್ತು. ಎಲುಬು ಮುರಿಲಿಲ್ಲ, ಅದಷ್ಟೇ ಪುಣ್ಯ. ದೊಡ್ಡವ್ವ ಆಕಿ ತೊಡಿಗಿ ಅರಿಷಿಣ ಹಚ್ಚಕೋತ, ಕುದುರಿ ಕಡಿ ನೋಡಿ, "ಇದು ನಿಮ್ಮಪ್ಪನ ಎತ್ತಲ್ಲ ಬೇ, ಇದಕ್ಕ ಮರ್ಯಾದಿ ಐತಿ" ಅಂದಳು.

ಅವತ್ತಿನಿಂದ ಗೆಳತಿ ಕುದುರಿ ಹಂತ್ಯಾಕ ಹೋಗಲಿಲ್ಲ. ಹೋಗಬೇಕಂತ ಏಳತಿದ್ದಳು, ಲಾಯದ ಬಾಗಿಲ ತನಕ ಹೋಗತಿದ್ದಳು, ತಿರುಗಿ ಬರತಿದ್ದಳು. ನಾ ದಿನಾ ಹೊಳಿ ದಂಡಿಗುಂಟ ಓಡಿಸಿಕೊಂಡ ಬರತಿದ್ದೆ. ಕೂಲಿಯವನ ಮಗಳು ನಾ, ಎಲ್ಲಾರ ಮಾರಿ ಕೆಳಗಿನಿಂದ ನೋಡಿ ರೂಢಿ. ಕುದುರಿ ಮ್ಯಾಲಿಂದ ಊರಗೌಡನ ರುಮಾಲು ಮ್ಯಾಲಿನ ಧೂಳು ಕಾಣತಿತ್ತು. ನನಗ ಖುಷಿ ಆಗತಿತ್ತು, ಸುಳ್ಳ ಯಾಕ ಹೇಳಲಿ. ಆಕಿ ಮಾತ್ರ ಗ್ವಾಡಿಗಿ ಮಾರಿ ಮಾಡಿ ಮಲಗತಿದ್ದಳು.

ಕಡೀಗಿ ನಾ ದೊಡ್ಡವ್ವಗ ಎಲ್ಲಾ ಹೇಳಿದೆ. ದೊಡ್ಡವ್ವ ಹುರಳಿ ಹಸನ ಮಾಡಾಕತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಗೆಳತಿನ್ನ ಕರದು ಕುಂದರಿಸಿದಳು. ನೀ ಕಲ್ತಿದ್ರೂ ಉಪಯೋಗ ಇದ್ದಿಲ್ಲ ಅಂದಳು. ಸೊಸಿ ತಾನೇ ಎದ್ದು ಬಂದ್ರ ಜಗಳಾಡಿ ಬಂದಾಳ ಅಂತಾರ, ತಿರುಗಿ ಒಳಗ ಕರಕೊಳ್ಳೂದಿಲ್ಲ. ಕರಿಯಾಕ ಒಬ್ಬರು ಬರಬೇಕು, ಬಂದು ಅವರ ಬಾಗಿಲದಾಗ ನಿಂದ್ರಬೇಕು. ತಾ ಹೋಗಬೇಕಂದ್ರ ಗಂಡ ಸತ್ತಾಕಿ, ಹಬ್ಬಕ್ಕ ಕರಿಯಾಕ ಹೋದ್ರ ಆ ಮಂದಿ ಹೊಸ್ತಲಾ ತುಳಿಯಗೊಡೂದಿಲ್ಲ. ಇಷ್ಟು ಹೇಳಿ ನನ್ನ ಕಡಿ ನೋಡಿದಳು.

"ನಿನ್ನ ಲಗ್ನ ಯಾವೂರಾಗ?"

ನನಗ ಸ್ವಾದರಮಾವನ್ನೇ ಗೊತ್ತು ಮಾಡಿದ್ದರು, ನಮ್ಮದೇ ಓಣಿ. ಹೇಳಿದೆ.

"ಅಂದ್ರ ನಿನ್ನ ಕರಿಯಾಕ ಯಾರೂ ಬರೂ ಕೆಲಸಿಲ್ಲ. ಪಂಚಮಿಗಿ ಇಕಿನ್ನ ಕರಿಯಾಕ ನೀ ಹೋಗು."

ಮರದಿನದಿಂದ ನನ್ನ ಆಟ ಮುಗೀತು. ದೊಡ್ಡವ್ವ ಹೊಲಕ್ಕ ನೀರು ಬಿಟ್ಟು ಎರಿಮಣ್ಣು ಕೆಸರು ಮಾಡಿ, ಅದರಾಗ ಕುದುರಿ ನಡಿಸೂದು ಕಲಿಸಿದಳು. ಹೊಳ್ಯಾಗ ಹರಗೋಲಿನ ಬಾಜೂಕ ಕುದುರಿ ಈಜಿಸಿದಳು, ಹಗ್ಗ ನನ್ನ ಕೈಯಾಗ. ಜಗ್ಗಬ್ಯಾಡ, ಸಡಲೂ ಬಿಡಬ್ಯಾಡ, ಕುದುರಿಗಿ ದಾರಿ ಗೊತ್ತೈತಿ ಅಂತಿದ್ದಳು. ಬಿದ್ದಾಗ ಎಬ್ಬಸ್ತಿರಲಿಲ್ಲ. ಗೆಳತಿ ದಂಡಿ ಮ್ಯಾಲ ಕುಂತು ನೋಡತಿದ್ದಳು. ನಾ ಬಿದ್ದಾಗೊಮ್ಮೆ ಎದ್ದು ನಿಂದ್ರತಿದ್ದಳು.

ವೈಶಾಖದಾಗ ಆಕಿ ಕೊಳಕೂರಿಗಿ ಹೋದಳು. ಮಳಿ ಹಿಡೀತು. ಪಂಚಮಿ ಹತ್ತರ ಬಂದಾಗ ದೊಡ್ಡವ್ವ ತಾನೇ ಎರಡು ಕುದುರಿ ಹಿಡಕೊಂಡು ಸರಸಂಬಾಕ್ಕ ಬಂದಳು. ನಮ್ಮವ್ವ ಬ್ಯಾಡ ಅಂದಳು. ಗೆಳತಿಯ ಕುರುಡ ಅಪ್ಪ ಕುದುರಿ ಕುತಿಗಿ ಸವರಿ ಸವರಿ ನೋಡಿ, ಗಟ್ಟಿ ಐತಿ, ಹೋಗಿ ಬಾ ತಂಗಿ ಅಂದ. ನಾ ಹತ್ತಿದೆ.

ಹೊಳಿ ಇನ್ನೂ ಪೂರಾ ತುಂಬಿರಲಿಲ್ಲ, ಆದ್ರ ನೀರು ಕೆಂಪಗಾಗಿತ್ತು. ದೊಡ್ಡವ್ವ ಈ ದಂಡ್ಯಾಗೇ ಜಾಲಿಗಿಡದ ಕೆಳಗ ಕುಂತಳು. ನಾ ಹರಗೋಲಿನಾಗ, ಕೆಂದ ಕುದುರಿ ನೀರಾಗ. ಸೆಳುವು ನಮ್ಮನ್ನ ಎಳಕೊಂಡು ಹೋಗಾಕತ್ತಿತು. ಹಗ್ಗ ಬಿಡು, ನಿನ್ನೂ ಎಳಕೋತದ ಅಂತ ಅಂಬಿಗ ಅಂದ. ನಾ ಬಿಡಲಿಲ್ಲ, ಜಗ್ಗಲೂ ಇಲ್ಲ. ಕುದುರಿ ಮೂಗು ಮ್ಯಾಲ ಮಾಡಿ, ಕಿವಿ ಹಿಂದ ಒತ್ತಿ, ನನಗಿಂತ ಮೊದಲು ಆಚಿ ದಂಡಿ ಹತ್ತಿ ಮೈ ಝಾಡಿಸಿತು. ಅಂಥ ಜೀವ ನಾ ಮತ್ತೊಂದು ಕಂಡಿಲ್ಲ.

ಕೊಳಕೂರಿನ ಮನಿ ಮುಂದ ಇಳದಾಗ ನನ್ನ ಮೊಣಕಾಲ ತನಕ ಕೆಸರು, ಕುದುರಿಗಿ ಹೊಟ್ಟಿ ತನಕ. ಗೆಳತಿ ಒಳಗಿಂದ ನೋಡಿದಳು, ಹೊರಗ ಬರಲಿಲ್ಲ. ಅತ್ತಿ ಬಾಗಿಲಕ್ಕ ಬಂದು ಯಾರ ಮನ್ಯಾಕಿ ನೀ ಅಂತ ಕೇಳಿದಳು.

"ನಿಮ್ಮ ಸೊಸಿ ತವರಿನಿಂದ ಬಂದೇನ್ರಿ, ಪಂಚಮಿಗಿ ಕರಿಯಾಕ" ಅಂದೆ.

"ಗಂಡಸರು ಯಾರೂ ಇಲ್ಲೇನು ನಿಮ್ಮೂರಾಗ?"

"ಅದಾರ್ರಿ. ಮಳ್ಯಾಗ ಬರೂವಂಥಾವರಿಲ್ಲ."

ಆ ಅತ್ತಿ ಕೆಟ್ಟಾಕಿ ಅಲ್ಲ, ಗಟ್ಟಿ ಆಕಿ. ನನ್ನ ನೋಡಿದಳು, ಕುದುರಿ ಹೊಟ್ಟಿಗಿ ಹತ್ತಿದ ಕೆಸರು ನೋಡಿದಳು, ಹೊಳಿ ಕಡಿ ಮಾರಿ ತಿರುಗಿಸಿ ಮೋಡ ನೋಡಿದಳು. ತವರಿನವರು ಬಂದಾರಂತ ಒಪ್ಪಿಕೊಂಡ್ರ ಕಾಲಿಗಿ ನೀರು ಕೊಡಬೇಕು, ಕೊಡದಿದ್ರ ನಾ ಬಂದ ದಾರಿ ಹಿಡೀಬೇಕು. ನಾ ಹಗ್ಗ ಹಿಡಕೊಂಡು ಬಾಗಿಲದಾಗೇ ನಿಂತೆ.

"ಏ ಹುಡಗಿ, ನಿಮ್ಮವರು ಬಂದಾರ, ಕಾಲಿಗಿ ನೀರು ಕೊಡು" ಅಂತ ಸೊಸಿನ್ನ ಕೂಗಿದಳು.

ಗೆಳತಿ ತಂಬಿಗಿ ತಂದಳು. ನನ್ನ ಕಾಲ ಮ್ಯಾಲ ಹಾಕಿದಳು. ಉಳದ ನೀರು ತಗೊಂಡು ಕುದುರಿ ಮುಂದ ಹೋಗಿ, ಅದರ ಮುಂಗಾಲ ಮ್ಯಾಲೂ ಹಾಕಿದಳು. ಅರ್ಧ ನೀರು ನೆಲಕ್ಕ ಹೋತು, ಆದ್ರ ಹಾಕಿದಳು.

ಉಂಡು ಹೊಂಟಿವಿ. ಕಟ್ಟಿ ಮ್ಯಾಲ ನಿಂತು ಆಕಿ ನನ್ನ ಹಿಂದ ಕಾಲು ದಾಟಿಸಿ ಕುಂತಳು. ನನ್ನ ನಡ ಹಿಡದ ಕೈ ಎಷ್ಟು ಬಿಗಿ ಅಂದ್ರ ಮರದಿನ ತನಕ ಬಳಿ ಗುರುತಿತ್ತು. ನಾ ಅಂಜದ ಹತ್ತಿದಾಕಿ, ಅದರಾಗ ದೊಡ್ಡಸ್ತನ ಏನೈತಿ? ಆಕಿ ಒದಿಸಿಕೊಂಡಾಕಿ, ಅಂಜಿಕೋತ ಹತ್ತಿದಳು. ಹೊಳಿ ತನಕ ಇಳಿತೇನಿ ಅನ್ನಲಿಲ್ಲ.

ಈಚಿ ದಂಡ್ಯಾಗ ದೊಡ್ಡವ್ವ ಜಾಲಿಗಿಡದ ಕೆಳಗ ಇದ್ದಂಗೇ ಇದ್ದಳು. ನಮ್ಮನ್ನ ನೋಡಿ ಎದ್ದಳು, ಸೀರಿ ಝಾಡಿಸಿದಳು. ನಗಲಿಲ್ಲ, ಅಳಲಿಲ್ಲ. ಮೊದಲು ಕುದುರಿ ಕಾಲು ಒಂದೊಂದೇ ಎತ್ತಿ ನೋಡಿದಳು, ಆಮ್ಯಾಲ ನಮ್ಮಿಬ್ಬರನ್ನ.

"ಹುರಳಿ ನೆನದೈತಿ. ಯಾರು ತಿನಸ್ತೀರಿ?" ಅಂದಳು.

ಗೆಳತಿ ಚೀಲ ಇಸಕೊಂಡಳು. ಸುತ್ತ ಹಾಕಿ, ಬಾಲದ ಕಡಿಯಿಂದ ದೂರ ಸರದು, ಮಾರಿ ಕಡಿಯಿಂದ ಹೋದಳು.