ತಾಮ್ರ ಒಲ್ಲದ ಕೈ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಯ ಹಿಂದಿನ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬಳು ಅಂಗೈಯಗಲದ ಬೋರ್ಡೊಂದನ್ನು ಉಜ್ಜುತ್ತಿದ್ದಾಳೆ. ಬೋರ್ಡಿನ ಒಂದು ಮೈಗೆ ತಾಮ್ರದ ತೆಳು ಹಾಳೆ ಅಂಟಿದೆ. ಎರಡೂ ಕೈಗೆ ರಬ್ಬರ್ ಗ್ಲೌಸ್ ಇದ್ದರೂ ಆಕೆ ಹಿಡಿದಿರುವುದು ಅಂಚನ್ನು ಮಾತ್ರ. ಉಕ್ಕಿನ ನಾರಿನಿಂದ ಮೊದಲು ಉದ್ದಕ್ಕೆ ಉಜ್ಜುತ್ತಾಳೆ, ಆಮೇಲೆ ಅಡ್ಡಕ್ಕೆ. ನಂತರ ನಲ್ಲಿಯ ಕೆಳಗೆ ಹಿಡಿದು ನೀರು ಹೇಗೆ ಇಳಿಯುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಇಡೀ ಮೈಗೆ ಒಂದೇ ಪದರವಾಗಿ ಹರಡಿ ಇಳಿದರೆ ಬೋರ್ಡು ಶುದ್ಧ. ಅಲ್ಲಲ್ಲಿ ಹನಿಗಟ್ಟಿ ನಿಂತರೆ ಎಣ್ಣೆಯ ಪಸೆ ಉಳಿದಿದೆ ಎಂದರ್ಥ.

"ನಿಂತ್ಕೊಳ್ತು ನೋಡಿ ಹನಿ! ಯಾರೋ ಮುಟ್ಟಿದಾರೆ ಇದನ್ನ. ಅತ್ತೆ, ನೀವೇನಾ?"

"ನಿನ್ನ ತಗಡು ಮುಟ್ಟೋಕೆ ನನಗೇನು ಬೇರೆ ಕೆಲಸ ಇಲ್ವೇನೇ?" ಎನ್ನುತ್ತ ಅತ್ತೆ ಹಿಂಡಿದ ಬೆಡ್‌ಶೀಟುಗಳ ಬಕೆಟ್ ಹಿಡಿದು ಬಚ್ಚಲಿಂದ ಹೊರಬೀಳುತ್ತಾರೆ. ಸೊಂಟ ನೋವೆಂದು ದಿನವೆಲ್ಲ ಗೊಣಗುವ ಅವರು ತಾರಸಿಯ ಮೆಟ್ಟಿಲನ್ನು ಮಾತ್ರ ದಡದಡನೆ ಹತ್ತುತ್ತಾರೆ. ಸೊಸೆ ನಗುತ್ತಾಳೆ, ಮತ್ತೆ ಉಜ್ಜಲು ಶುರುಮಾಡುತ್ತಾಳೆ.

ಈಕೆಯನ್ನು ಎಲ್ಲರೂ ಕರೆಯುವುದು ಉಪ್ಪುಗೈ ಅಕ್ಕ ಎಂದು. ಹವ್ಯಾಸಿ ರೇಡಿಯೋದವರು ಗೊತ್ತಲ್ಲ, ಮನೆಯಲ್ಲೇ ರೇಡಿಯೋ ಜೋಡಿಸಿಕೊಂಡು, ತಾರಸಿಗೆ ತಂತಿ ಕಟ್ಟಿ, ಕಂಡು ಕೇಳರಿಯದ ಊರಿನವರ ಜೊತೆ ಹರಟೆ ಹೊಡೆಯುವ ಜನ? ಅವರು ಕೊಳ್ಳುವ ಕಿಟ್ಟಿನ ಡಬ್ಬಿಯಲ್ಲಿ ಒಂದಿಷ್ಟು ಬಿಡಿಭಾಗಗಳ ಜೊತೆ ಒಂದು ಬೋರ್ಡು ಇರುತ್ತದೆ. ಆ ಬೋರ್ಡು ಈ ಬಚ್ಚಲಿಂದ ಹೋಗಿದ್ದು. ಬೋರ್ಡು ಕೊಳೆಯಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಬೆಸುಗೆ ಹಿಡಿಯದಿದ್ದರೆ ರೇಡಿಯೋ ಜಪ್ಪಯ್ಯ ಎಂದರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟಾಗ ಶಹಭಾಸ್‌ಗಿರಿಯೆಲ್ಲ ಬೆಸುಗೆ ಹಾಕಿದವನಿಗೆ. ಬೋರ್ಡು ಉಜ್ಜಿದವರು ಯಾರೆಂದು ಒಬ್ಬನೂ ಕೇಳುವುದಿಲ್ಲ. ಅದಕ್ಕೇ ನಾನು ಕೇಳೋಣವೆಂದು ಬಂದಿದ್ದೇನೆ.

ಬಂದ ದಿನವೂ ಸಾಮಾನ್ಯದ್ದಲ್ಲ. ಬಚ್ಚಲ ಬಾಗಿಲ ಮೇಲಿನ ಹಲಗೆಯಲ್ಲಿ, ಬಿಸಿನೀರಿನ ಹಬೆ ನೇರವಾಗಿ ಬಡಿಯುವ ಜಾಗದಲ್ಲಿ, ಮುಚ್ಚಳವಿಲ್ಲದ ಒಂದು ರೇಡಿಯೋ ಕೂತಿದೆ. ಉಪ್ಪುಗೈ ಅಕ್ಕ ತನಗಾಗಿ ಮಾಡಿಕೊಂಡ ಮೊದಲ ಸೆಟ್ಟು ಅದು. ಬೋರ್ಡು ಉಜ್ಜುವುದರಿಂದ ಹಿಡಿದು ಕೊನೆಯ ಬೆಸುಗೆಯವರೆಗೂ ಆಕೆ ಗ್ಲೌಸ್ ಹಾಕಿಲ್ಲ. ಒಂದು ಮಳೆಗಾಲ ಪೂರ್ತಿ ಹಬೆ ಕುಡಿಸಿ ಇಟ್ಟಿದ್ದಾಳೆ. ಇವತ್ತು ಅದರಲ್ಲಿ ಮೊದಲ ಸಲ ಮಾತಾಡುತ್ತಾಳೆ. ಅದು ಮಾತಾಡದಿದ್ದರೆ, ಆಕೆಯ ಕೈಯ ಬಗ್ಗೆ ಕಾರ್ಖಾನೆಯವರು ಹೇಳಿದ್ದೇ ನಿಜವಾಗುತ್ತದೆ.

ಅವರು ಹೇಳಿದ್ದೇನೆಂದರೆ, "ನಿನ್ನ ಕೈ ತಾಮ್ರಕ್ಕೆ ಆಗಿಬರಲ್ಲ."

ಮದುವೆಗೆ ಮುಂಚೆ ಆಕೆ ಟೆಲಿಫೋನ್ ಮಾಡುವ ಕಾರ್ಖಾನೆಯಲ್ಲಿದ್ದಳು. ಉದ್ದನೆಯ ಮೇಜಿನ ಎರಡೂ ಬದಿಗೆ ಕೂತ ಹುಡುಗಿಯರು ಬೋರ್ಡಿಗೆ ಬಿಡಿಭಾಗ ಸಿಕ್ಕಿಸಿ ಮುಂದಕ್ಕೆ ತಳ್ಳಬೇಕು. ಒಂದು ದಿನ ತಪಾಸಣೆಯವನು ವಾಪಸು ಬಂದ ಬೋರ್ಡುಗಳನ್ನು ತಂದು ಕ್ಯಾಂಟೀನಿನ ಮೇಜಿನ ಮೇಲೆ ಸಾಲಾಗಿಟ್ಟ. ಪ್ರತಿಯೊಂದರ ಮೂಲೆಯಲ್ಲೂ ಕಪ್ಪಗೆ ಒಂದು ಹೆಬ್ಬೆರಳ ಗುರುತು.

"ಕಳ್ಳರಿಗೆ ಮಾಡ್ತಾರಲ್ಲ, ಹಾಗೆ ಎಲ್ಲರ ಕೈಲೂ ಶಾಯಿ ಒತ್ತಿಸಿದ್ರು," ಎಂದು ಆಕೆ ಹೇಳುತ್ತಾಳೆ. ಕೈ ಮಾತ್ರ ನಿಲ್ಲುವುದಿಲ್ಲ. "ಒಬ್ಬೊಬ್ಬರದೇ ಹೋಲಿಸಿ ನೋಡಿ, ಕೊನೆಗೆ ನನ್ನ ಕೈ ಎತ್ತಿ ಹಿಡಿದು, ಇದೇ, ಇದೇ ಉಪ್ಪುಗೈ ಅಂದ. ಎಲ್ರೂ ನಕ್ರು. ನನ್ನ ಪಕ್ಕ ಕೂತು ದಿನಾ ಊಟ ಮಾಡ್ತಿದ್ದವಳೂ ನಕ್ಕಳು. ನಾನೇನು ಬೇಕಂತ ಬೆವರಿದ್ನಾ?"

ಕೆಲವರ ಬೆವರೇ ಹಾಗೆ. ಉಪ್ಪು, ಹುಳಿ ಎರಡೂ ಜಾಸ್ತಿ. ಅವರು ಮುಟ್ಟಿದ ತಾಮ್ರ ನಾಲ್ಕು ದಿನದಲ್ಲಿ ಕಪ್ಪಾಗುತ್ತದೆ. ಒಂದು ಜೊತೆ ಗ್ಲೌಸ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಡಲಿಲ್ಲ, ಮನೆಗೆ ಕಳಿಸಿದರು. ಬೆವರು ಸುರಿಸಿ ದುಡಿ ಎಂದು ಎಲ್ಲರಿಗೂ ಉಪದೇಶ ಮಾಡುವ ಲೋಕ, ಬೆವರಿದ್ದಕ್ಕೇ ಒಬ್ಬಳನ್ನು ಹೊರಗಟ್ಟಿದ ಕಥೆ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಊರ ಬಾಯಿಯೂ ಸುಮ್ಮನಿರಲಿಲ್ಲ. ಅವಳ ಕೈಗುಣ ಸರಿಯಿಲ್ಲ ಎಂದರು. ಅವಳು ನೆಟ್ಟ ಗಿಡ ಬಾಡಿದರೂ ಅದೇ ಮಾತು, ಹಾಲು ಒಡೆದರೂ ಅದೇ ಮಾತು.

"ಉಪ್ಪುಗೈ ಅನ್ನೋ ಹೆಸರನ್ನ ನಾನೇ ಉಳಿಸ್ಕೊಂಡೆ," ಎನ್ನುತ್ತಾಳೆ. "ಹಿಂದೆ ಪಿಸುಗುಟ್ಟೋದ್ಯಾಕೆ, ಮುಂದೇನೇ ಕರೀಲಿ ಅಂತ."

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ದಿನ, ಕೆಟ್ಟ ಟಾರ್ಚಿಗೆ ಸ್ವಿಚ್ಚು ತರಲು ಬೀದಿ ಕೊನೆಯ ರೇಡಿಯೋ ಸಾಮಾನಿನ ಅಂಗಡಿಗೆ ಹೋಗಿದ್ದಳಂತೆ. ಅಂಗಡಿಯವರು ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಎಲ್ಲರಿಗೂ ಮೇಷ್ಟ್ರು. ಕೌಂಟರಿನ ಮೇಲೆ ತಾಮ್ರದ ಬೋರ್ಡೊಂದು ಬಿದ್ದಿತ್ತು. ಅದನ್ನು ಕಂಡದ್ದೇ ತಡ, ಈಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಯಾಕಮ್ಮ ಎಂದು ಮೇಷ್ಟ್ರು ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ನನ್ನ ಕಿಟ್ಟುಗಳು ಆಗ ವಾಪಸು ಬರ್ತಿದ್ವು," ಎಂದು ಮೇಷ್ಟ್ರು ಹೇಳುತ್ತಾರೆ. ಅವರೂ ಈಗ ಬಂದು ಬಚ್ಚಲ ಬಾಗಿಲಲ್ಲಿ ನಿಂತಿದ್ದಾರೆ. "ಅಂಗಡಿ ಹುಡುಗರು ಬೋಂಡ ಮುಟ್ಟಿದ ಹಾಗೆ ಮುಟ್ಟೋರು ಬೋರ್ಡನ್ನ. ತಾಮ್ರ ಕಂಡ್ರೆ ಹೆದರೋರು ಒಬ್ರು ಬೇಕಿತ್ತು ನನಗೆ. ಸಿಕ್ಕಿದ್ರು."

"ಹೆದರಿಕೆ ಅಲ್ಲ ಮೇಷ್ಟ್ರೇ, ಸಿಟ್ಟು," ಎಂದು ಆಕೆ ಒಳಗಿಂದಲೇ ತಿದ್ದುತ್ತಾಳೆ.

ಬೆಳಗಿನ ಕೆಲಸ ಒಂದು ತಟ್ಟೆ, ಅಂದರೆ ಹನ್ನೆರಡು ಬೋರ್ಡು. ಉಜ್ಜಿದ ತಾಮ್ರದ ಮೇಲೆ ಮೇಷ್ಟ್ರು ಕೊಟ್ಟ ನಕ್ಷೆಯನ್ನು ಅಚ್ಚೊತ್ತಿ, ಕಂದು ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ತಟ್ಟೆಯನ್ನು ತೊಟ್ಟಿಲಿನ ಹಾಗೆ ತೂಗುತ್ತಾಳೆ. ಗೆರೆಯ ಕೆಳಗಿನ ತಾಮ್ರ ಉಳಿದು ಮಿಕ್ಕಿದ್ದೆಲ್ಲ ಕರಗಿಹೋಗುತ್ತದೆ. ಆ ದ್ರಾವಣದ ಕಲೆ ಬಚ್ಚಲ ನೆಲ, ಮಗ್ಗು, ಅತ್ತೆಯ ಸ್ಟೂಲು ಎಲ್ಲದರ ಮೇಲೂ ಇದೆ. ಆಮೇಲೆ ಕೂದಲೆಳೆಯಂಥ ಡ್ರಿಲ್ಲಿನಿಂದ ತೂತು ಕೊರೆದು, ಬಲ್ಬಿಗೆ ಹಿಡಿದು, ಎರಡು ಗೆರೆ ಎಲ್ಲಾದರೂ ಕೂಡಿಕೊಂಡಿವೆಯೇ ಎಂದು ನೋಡುತ್ತಾಳೆ. ಮತ್ತೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳವನ್ನು ಬ್ರಷ್ಷಿನಿಂದ ಒಂದೇ ಎಳೆತಕ್ಕೆ ಬಳಿಯುತ್ತಾಳೆ. ಗಾಳಿ ತಾಗಿ ತಾಮ್ರ ಕಪ್ಪಾಗದಂತೆ ಕಾಯುವುದು ಆ ರಾಳ.

ರಾಳ ಒಣಗಿತೆಂದರೆ ಆಕೆ ಬಲಗೈ ಗ್ಲೌಸನ್ನು ಕಳಚುತ್ತಾಳೆ. ತಟ್ಟೆಯಿಂದ ಒಂದು ಬೋರ್ಡು ಆರಿಸಿ, ಬರಿಯ ಹೆಬ್ಬೆರಳನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ, ಹಬೆಯ ಹಲಗೆಗೆ ಏರಿಸುತ್ತಾಳೆ. ನಾಲ್ಕು ದಿನ ಕಾಯಬೇಕು. ಗುರುತು ಮೂಡಿದರೆ ರಾಳ ತೆಳುವಾಗಿದೆ ಎಂದು ಇಡೀ ತಟ್ಟೆಗೆ ಮತ್ತೊಮ್ಮೆ ಬಳಿಯುತ್ತಾಳೆ. ಮೂಡದಿದ್ದರೆ ಬೋರ್ಡು ಅಂಗಡಿಗೆ ಹೋಗುತ್ತದೆ. ಯಾವ ಹೆಬ್ಬೆರಳಿಗಾಗಿ ಆಕೆಯನ್ನು ಹೊರಗೆ ಹಾಕಿದರೋ ಅದೇ ಹೆಬ್ಬೆರಳು ಇಲ್ಲಿ ತಪಾಸಣೆ ಮಾಡುತ್ತದೆ.

"ನನ್ನ ಕೈಯನ್ನ ತಡ್ಕೊಂಡ ಬೋರ್ಡು ಇನ್ಯಾರ ಕೈಯನ್ನಾದ್ರೂ ತಡ್ಕೊಳ್ಳತ್ತೆ," ಎನ್ನುತ್ತಾಳೆ.

ಇಷ್ಟಾದರೂ ತನ್ನ ಸೆಟ್ಟಿಗೆ ಗ್ಲೌಸ್ ಬೇಡ ಎಂದಾಗ ಮೇಷ್ಟ್ರು ಒಪ್ಪಿರಲಿಲ್ಲ. ರೇಡಿಯೋದಲ್ಲಿ ಮಾತಾಡಲು ಬೇಕಾದ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಕೈಗೆ ಬಂದಿದೆ, ಮೊದಲ ಸೆಟ್ಟೇ ಕೆಟ್ಟರೆ ಮನಸ್ಸಿಗೆ ಬೇಜಾರಾಗುತ್ತದೆ, ಬೇಕಾದರೆ ನಾನೇ ಜೋಡಿಸಿಕೊಡುತ್ತೇನೆ ಎಂದರಂತೆ. ಈಕೆ ಸೊಪ್ಪು ಹಾಕಲಿಲ್ಲ. "ಅಡುಗೆ ಗ್ಲೌಸ್ ಹಾಕ್ಕೊಂಡು ಮಾಡ್ತೀನಾ? ಮಗಳಿಗೆ ಜಡೆ ಗ್ಲೌಸ್ ಹಾಕ್ಕೊಂಡು ಹಾಕ್ತೀನಾ? ಇದು ನಂದು. ನನ್ನ ಕೈಯಲ್ಲೇ ಆಗ್ಬೇಕು."

ಸೆಟ್ಟು ಹಲಗೆಯಿಂದ ಇಳಿದು ಊಟದ ಮೇಜಿಗೆ ಬರುತ್ತದೆ. ನಾನು ಬಗ್ಗಿ ನೋಡುತ್ತೇನೆ. ತಾಮ್ರ ಥಳಥಳ ಎನ್ನುತ್ತಿದೆ. ಒಂದು ಮೂಲೆಯಲ್ಲಿ ಮಾತ್ರ, ಆಕೆ ಬೇಕೆಂದೇ ರಾಳ ಬಳಿಯದೆ ಬಿಟ್ಟ ಉಗುರಗಲದ ಜಾಗದಲ್ಲಿ, ಕಪ್ಪನೆಯ ಹೆಬ್ಬೆರಳ ಗುರುತು. ಚಿತ್ರ ಬರೆದವರು ಕೆಳಗೆ ಹೆಸರು ಹಾಕುವುದಿಲ್ಲವೇ, ಹಾಗೆ.

ಆಕೆ ಸ್ವಿಚ್ಚು ಒತ್ತುತ್ತಾಳೆ. ಸುಂಯ್ ಎಂಬ ಸಣ್ಣ ಸದ್ದು. ಮೈಕು ಹಿಡಿದು, ಪರವಾನಗಿಯ ಜೊತೆ ತನಗೆ ಸಿಕ್ಕ ಅಕ್ಷರ-ಅಂಕಿಗಳ ಕರೆಸಂಕೇತ ಹೇಳಿ, "ಯಾರಾದ್ರೂ ಕೇಳಿಸ್ಕೊಳ್ತಿದ್ದೀರಾ?" ಎಂದು ಕರೆಯುತ್ತಾಳೆ. ಉತ್ತರವಿಲ್ಲ. ಇನ್ನೊಮ್ಮೆ ಕರೆಯುತ್ತಾಳೆ. ಸುಂಯ್ ಬಿಟ್ಟರೆ ಇನ್ನೇನೂ ಇಲ್ಲ. ಮೇಷ್ಟ್ರ ನೋಟ ಮೆಲ್ಲಗೆ ಆಕೆಯ ಬೆರಳುಗಳ ಕಡೆಗೆ ಹೊರಳುತ್ತದೆ.

"ಕೈ ನೋಡ್ಬೇಡಿ ಮೇಷ್ಟ್ರೇ!" ದನಿ ಒಮ್ಮೆಲೇ ಏರುತ್ತದೆ. "ಇಷ್ಟು ವರ್ಷ ಆದ್ಮೇಲೂ ಮೊದಲು ನನ್ನ ಕೈಯೇ ಕಾಣತ್ತಾ ನಿಮಗೆ? ಬೋರ್ಡು ಸರಿಯಾಗಿದೆ. ಹೋಗಿ, ಮೇಲೆ ಹೋಗಿ ತಂತಿ ನೋಡಿ!"

ಮೇಷ್ಟ್ರ ಮುಖ ಸಪ್ಪಗಾಗುತ್ತದೆ. ಅವರು ಮೆಟ್ಟಿಲು ಹತ್ತುತ್ತಾರೆ, ಹಿಂದೆ ನಾನು. ತಾರಸಿಯ ಈ ತುದಿಯಿಂದ ಆ ತುದಿಗೆ ಕಟ್ಟಿದ ಆಂಟೆನಾ ತಂತಿಯ ಮೇಲೆ ಸಾಲಾಗಿ ಒದ್ದೆ ಬೆಡ್‌ಶೀಟುಗಳು. ಭಾರಕ್ಕೆ ತಂತಿ ಜೋತು ನೀರಿನ ಟ್ಯಾಂಕಿನ ತಗಡಿಗೆ ತಾಗಿ ಕೂತಿದೆ, ಇನ್ನು ದನಿ ಹೊರಗೆ ಹೋಗುವುದಾದರೂ ಹೇಗೆ? ಪಕ್ಕದಲ್ಲಿ ಅತ್ತೆ ಕೊನೆಯ ಶೀಟನ್ನು ಕೊಡವುತ್ತಿದ್ದಾರೆ.

"ತಂತಿ ಕಟ್ಟೋದು ಬಟ್ಟೆ ಒಣಗಿ ಹಾಕೋಕಲ್ದೆ ಇನ್ಯಾತಕ್ಕಪ್ಪಾ?" ಎಂದು ನಮ್ಮನ್ನೇ ಕೇಳುತ್ತಾರೆ.

ಮೇಷ್ಟ್ರು ಶೀಟುಗಳನ್ನೆಲ್ಲ ಎತ್ತಿ ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಾರೆ, ತಂತಿ ಬಿಗಿಯುತ್ತಾರೆ. ಕೆಳಗಿಳಿದವರೇ, ಅಂಗಿಯೆಲ್ಲ ಒದ್ದೆಯಾಗಿ ಮೇಜಿನ ಮುಂದೆ ನಿಂತು, "ತಪ್ಪಾಯ್ತಮ್ಮ," ಎನ್ನುತ್ತಾರೆ. ಆಕೆ ತಲೆಯಾಡಿಸಿ ಮೈಕು ಎತ್ತಿಕೊಳ್ಳುತ್ತಾಳೆ.

ಈ ಸಲ ಕರೆದ ಕೂಡಲೇ ಗೊಗ್ಗರು ದನಿಯ ಗಂಡಸೊಬ್ಬ ಸಿಗುತ್ತಾನೆ. ಎಲ್ಲೋ ದೂರದವನು, ಹಿಂದೆ ಹುಂಜವೊಂದು ಕೂಗುತ್ತಿದೆ. "ಹೊಸ ದನಿ ಇದು! ಗಂಟೆ ಹೊಡೆದ ಹಾಗೆ ಕೇಳಿಸ್ತಾ ಇದೆ. ಹೆಸರೇನಮ್ಮ? ಓವರ್."

"ಉಪ್ಪುಗೈ ಅಂತಾರೆ. ಓವರ್."

ಅತ್ತ ಜೋರು ನಗು. ಆ ನಗುವಿನಲ್ಲಿ ಕೊಂಕಿಲ್ಲ. ಅತ್ತೆಯೂ ಬಂದು ಖಾಲಿ ಬಕೆಟ್ ಹಿಡಿದು ನಿಂತಿದ್ದಾರೆ, ಸೊಸೆಯ ದನಿಗೆ ಉತ್ತರ ಕೊಡುವ ಡಬ್ಬಿಯನ್ನು ಬಾಯಿ ಬಿಟ್ಟು ನೋಡುತ್ತಿದ್ದಾರೆ. ರೇಡಿಯೋದವರು ಒಬ್ಬರಿಗೊಬ್ಬರು ಸಿಕ್ಕಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಗೊಗ್ಗರು ದನಿ ಅದನ್ನೇ ಕೇಳುತ್ತದೆ: "ಸೆಟ್ಟು ಯಾವುದಮ್ಮ ನಿಮ್ಮದು? ಇಷ್ಟು ಚೆನ್ನಾಗಿದೆಯಲ್ಲ, ಯಾವ ಕಂಪನಿದು? ಓವರ್."

ಆಕೆ ತನ್ನ ಬರಿಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾಳೆ. ಅಂಗೈ ಬೆವೆತಿದೆ. ಒರೆಸಿಕೊಳ್ಳುವುದಿಲ್ಲ, ಹಾಗೇ ಮೈಕನ್ನು ಬಿಗಿಯಾಗಿ ಹಿಡಿಯುತ್ತಾಳೆ.

"ಕಂಪನಿದಲ್ಲ. ಕಂಪನಿಯೋರು ಬೇಡ ಅಂದ ಕೈಯಲ್ಲಿ ಮಾಡಿದ್ದು. ಓವರ್."